ಎರಡು ತಲೆಯ ವೈರು

ಮನೆಯಿಂದ,
ಬಿರುಗಾಳಿ ನಿಂತ ಮೇಲಿನ ಬುಧವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟನಿಗೆ,

ಹೇಗಿದ್ದೀಯಪ್ಪಾ? ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಲು ಹೋದವನು ಮನೆ ಕಡೆ ತಲೆಯನ್ನೇ ಹಾಕಿಲ್ಲ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೋ, ಇಲ್ಲ ಲೈನ್‌ಮನ್‌ಗಳೆಲ್ಲ ಬರೀ ಚಹಾ ಕುಡಿದುಕೊಂಡೇ ಕಂಬ ಹತ್ತುತ್ತಿದ್ದೀರೋ? ಎಡ ಮೊಣಕಾಲಿಗೆ ಮಲಗುವ ಮುಂಚೆ ಎಣ್ಣೆ ಹಚ್ಚಿಕೋ. ಟವರಿಗೂ ಕರೆಂಟಿಲ್ಲದೆ ಫೋನುಗಳೆಲ್ಲ ಸತ್ತಿವೆ. ನಿಮಗೆ ಕಂಬ, ತಂತಿ ಸಾಗಿಸುವ ಲಾರಿ ಡ್ರೈವರ್ ಬೀದಿ ಕೊನೆಯಲ್ಲಿ ಸಾಮಾನು ಹೇರಿಸುತ್ತಿದ್ದಾನೆ, ಹೊರಡುವಾಗ ಹಾರ್ನ್ ಮಾಡು ಎಂದಿದ್ದೇನೆ. ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ನಾಳೆ ನೀವು ನಮ್ಮ ಬೀದಿಯ ಲೈನಿಗೇ ಬರುತ್ತೀರಂತೆ, ಅವನೇ ಹೇಳಿದ. ಅದನ್ನು ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ನಗಬೇಡ. ಹೈಸ್ಕೂಲಿನಲ್ಲಿ ನನ್ನ ಕೈಬರಹ ತೋರಿಸಿ ಬೇರೆಯವರಿಗೆ ಬೈಯುತ್ತಿದ್ದರು.

ಮನೆಯಲ್ಲಿ ಎಲ್ಲರೂ ಆರೋಗ್ಯ. ನಿಮ್ಮಪ್ಪನ ಇನ್ಸುಲಿನ್ ಫ್ರಿಜ್ಜಿನಲ್ಲಿ ಕೆಟ್ಟುಹೋಗುತ್ತದೆಂದು ನಿನ್ನ ತಮ್ಮ ತಾನು ಕೆಲಸ ಮಾಡುವ ಸೌಂಡ್ ಸಿಸ್ಟಮ್ ಅಂಗಡಿಯಿಂದ ಒಂದು ಪೆಟ್ರೋಲ್ ಜನರೇಟರ್ ತಂದ. ತಂದವನು ಎಲ್ಲಿಟ್ಟ ಗೊತ್ತೇ? ಮನೆಯೊಳಗೆ, ಬಚ್ಚಲುಮನೆಯ ಪಕ್ಕದ ಓಣಿಯಲ್ಲಿ! ಹೊರಗಿಟ್ಟರೆ ಕಳ್ಳರು ಹೊತ್ತೊಯ್ಯುತ್ತಾರಂತೆ. "ಕಿಟಕಿ ತೆಗೆದಿದೀನಲ್ಲಮ್ಮಾ" ಎಂದು ವಾದ ಬೇರೆ. ಕದ್ದರೆ ಇನ್ನೊಂದು ತರಬಹುದು, ಆ ಹೊಗೆ ಕುಡಿದು ಮಲಗಿದವರು ಏಳುವುದಿಲ್ಲ, ಎಳಿ ಆಚೆಗೆ ಎಂದೆ. ಈಗ ಹಿತ್ತಲ ನಟ್ಟನಡುವೆ, ಕಿಟಕಿ ಬಾಗಿಲುಗಳಿಗೆಲ್ಲ ದೂರ, ಹೊಗೆಯ ಬಾಯಿ ಆಚೆ ಕಡೆಗೆ ಮಾಡಿಕೊಂಡು ಕೂತಿದೆ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಸುರಿಯಲು ಹೋದಾಗ ಇನ್ನೊಂದು ಸಲ ಕಿವಿ ಹಿಂಡಿದೆ. ಅದು ತಣ್ಣಗಾಗುವಷ್ಟು ಹೊತ್ತು ಇವನು ಸುಮ್ಮನೆ ಕೂರಲಾರ. ಮೀಸೆ ಬಂದಿದೆ, ಬುದ್ಧಿ ಇನ್ನೂ ದಾರಿಯಲ್ಲಿದೆ. ನಿನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ಆದರೆ ಹೊಗೆಯ ಮೇಲೆ ಕಣ್ಣಿಟ್ಟ ನಾನು ವೈರಿನ ಮೇಲೆ ಇಡಲಿಲ್ಲ. ನಮ್ಮ ಇಂಜಿನಿಯರ್ ಸಾಹೇಬರು ಒಂದು ವೈರಿನ ಎರಡೂ ತುದಿಗೆ ಪ್ಲಗ್ಗು ಕಟ್ಟಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿದರು. ಇಡೀ ಮನೆಯ ದೀಪ ಹತ್ತಿತು. ಮೇನ್ ಸ್ವಿಚ್ ಆಫ್ ಮಾಡಿದ್ದೇನೆ, ಹೆದರಬೇಡ ಎಂದ. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ. ಬೀದಿಯ ಉಳಿದವರು ಮೇಣದಬತ್ತಿ ಹಚ್ಚಿಕೊಂಡಾಗ ನಮ್ಮ ವರಾಂಡದಲ್ಲಿ ದೀಪ! ಜನರೇಟರ್ ಇದ್ದವರೆಲ್ಲ ಬಂದು ನೋಡಿದರು. ಬೇಕರಿಯವನು ತನಗೂ ಒಂದು ಕಟ್ಟಿಸಿಕೊಂಡ, ಜೆರಾಕ್ಸ್ ಅಂಗಡಿಯವನೂ ಕಟ್ಟಿಸಿಕೊಂಡ.

ನಿನ್ನೆ ಸಂಜೆ ಇವನು ಮೇನ್ ಆಫ್ ಮಾಡುವುದನ್ನು ಮರೆತು ಹಗ್ಗ ಎಳೆದು ಇಂಜಿನ್ ಶುರು ಮಾಡಿದ. ಅದು ಹೆರಿಗೆ ನೋವು ಬಂದ ಹಸುವಿನ ಹಾಗೆ ನರಳಿತು. ಅದೇ ಹೊತ್ತಿಗೆ ಎದುರು ಮನೆಯ ಮೇಷ್ಟರು "ಬಂತು! ಕರೆಂಟ್ ಬಂತು!" ಎಂದು ಚಪ್ಪಾಳೆ ತಟ್ಟಿದರು. ನೋಡಿದರೆ ಅವರ ಮನೆಯ ಬಲ್ಬು ಕೆಂಪಗೆ, ಕೆಂಡದ ಹಾಗೆ ಮಿಣಮಿಣ ಎನ್ನುತ್ತಿದೆ. ಬೀದಿಗೆಲ್ಲ ಇಲ್ಲದ ಕರೆಂಟು ಅವರೊಬ್ಬರಿಗೆ ಎಲ್ಲಿಂದ ಬಂತು? ನಮ್ಮ ಹಿತ್ತಲಿಂದ, ಪುಟ್ಟಾ. ನಮ್ಮ ಗೋಡೆ ದಾಟಿ, ಕಂಬ ಹತ್ತಿ, ತಂತಿಯ ಮೇಲೆ ನಡೆದುಕೊಂಡು ಹೋಗಿತ್ತು. ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊಟಕ್ಕೆ ಕೂತು ಹೇಳಿದ್ದು ಕಿವಿಯಲ್ಲಿ ಗುಂಯ್ ಎಂದಿತು. "ಸತ್ತ ತಂತಿ ಅಂದ್ಕೊಂಡು ಮುಟ್ಟಿದೋರೇ ಹೋಗೋದಮ್ಮಾ. ಮನೆಯಿಂದ ಹಿಂದಕ್ಕೆ ಹೋದ ಕರೆಂಟು ಟ್ರಾನ್ಸ್‌ಫಾರ್ಮರ್ ದಾಟಿದ್ರೆ ಸಾವಿರಾರು ವೋಲ್ಟ್ ಆಗಿಬಿಡುತ್ತೆ." ಓಡಿಹೋಗಿ ಇಂಜಿನ್ ನಿಲ್ಲಿಸಿದೆ. ನಿನ್ನ ತಮ್ಮನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ನಾನು ಹೊಡೆಯಲಿಲ್ಲ.

ಎರಡು ಕಡೆಯಿಂದಲೂ ಬಿಚ್ಚಿಸಿ, ಆ ವೈರನ್ನು ಬಟ್ಟೆ ಕತ್ತರಿಸುವ ಕತ್ತರಿಯಿಂದ ತುಂಡು ತುಂಡು ಮಾಡಿದೆ. ಈಗ ಫ್ರಿಜ್ಜಿನ ಪ್ಲಗ್ಗು ದಪ್ಪ ಎಕ್ಸ್‌ಟೆನ್ಶನ್ ವೈರಿನಿಂದ ನೇರವಾಗಿ ಜನರೇಟರಿಗೇ ಹೋಗುತ್ತದೆ, ಗೋಡೆಯ ಸಾಕೆಟ್ಟಿನ ಗೊಡವೆಯೇ ಇಲ್ಲ. ಮನೆಯಲ್ಲಿ ಕತ್ತಲೆ ಇದ್ದರೆ ಇರಲಿ. ಕತ್ತರಿ ಹಿಡಿದೇ ಬೇಕರಿಗೆ ಹೋದೆ. ಅವನು ಎರಡನೇ ಮಾತಾಡದೆ ಇಂಜಿನ್ ನಿಲ್ಲಿಸಿ ವೈರು ಬಿಚ್ಚಿ ಕೊಟ್ಟ. ಜೆರಾಕ್ಸಿನವನು ಮಾತ್ರ, "ನಿಮ್ಮ ಮಗ ಕಟ್ಟಿದ್ದನ್ನ ನೀವೇ ಕತ್ತರಿಸ್ತೀರಾ? ಆಮೇಲೆ ನನ್ನ ಅಂಗಡಿ ನಿಮ್ಮ ತಾತ ನಡೆಸ್ತಾರಾ?" ಎಂದ. ಕಟ್ಟಿದವನು ನನ್ನ ಒಬ್ಬ ಮಗ, ನಾಳೆ ಕಂಬ ಹತ್ತುವವನು ನನ್ನ ಇನ್ನೊಬ್ಬ ಮಗ, ಕೊಡುತ್ತೀಯೋ ಇಲ್ಲವೋ ಎಂದೆ. ಕೊಟ್ಟ. ಕುರ್ಚಿಯನ್ನೂ ಕೊಟ್ಟ, ನಾನು ಕೂರಲಿಲ್ಲ.

ನಿನ್ನ ಮಗಳು ಅಪ್ಪ ಬರುವ ದಿಕ್ಕಿಗೆ ಮುಖ ಮಾಡಿ ಗೇಟಿನ ಮೇಲೆ ಹತ್ತಿ ಕೂತಿದ್ದಾಳೆ, ಇಳಿ ಎಂದರೆ ಕೇಳುವುದಿಲ್ಲ. ನಿನ್ನದೇ ರಕ್ತ. ನಿಮ್ಮಪ್ಪ ಆಶೀರ್ವಾದ ತಿಳಿಸಿದ್ದಾರೆ. ಬೆಲ್ಟ್ ಬಿಗಿಯಾಗಿ ಕಟ್ಟಿಕೋ. ಜೊತೆಯ ಹುಡುಗರಿಗೂ ನನ್ನ ಹರಕೆ ಇರಲಿ. ನೂರು ವರ್ಷ ಬಾಳು.

ಇಂತಿ ನಿನ್ನ ತಾಯಿ,
ಅಮ್ಮ

ಮರೆತ ಮಾತು: ಲಾರಿ ಹಾರ್ನ್ ಮಾಡುತ್ತಿದೆ. ನಿನ್ನ ತಮ್ಮ ಈಗ ಬಾಯಿ ಬಿಟ್ಟ. ಇನ್ನೊಂದು ವೈರು ಕಟ್ಟಿಕೊಟ್ಟಿದ್ದಾನೆ. ಬೈಕಿನಲ್ಲಿ ಬಂದವನಂತೆ, ಕೆಳಗಿನ ಬೀದಿಯವನಿರಬೇಕಂತೆ, ಹೆಸರು ಕೇಳಲಿಲ್ಲವಂತೆ. ಅಲ್ಲಿಗೂ ನಮ್ಮದೇ ಟ್ರಾನ್ಸ್‌ಫಾರ್ಮರ್. ಇಬ್ಬರೂ ಮನೆಮನೆ ತಿರುಗಿ ಹುಡುಕಲು ಹೊರಟಿದ್ದೇವೆ, ಸಿಗುತ್ತಾನೋ ಇಲ್ಲವೋ. ಆದ್ದರಿಂದ ಟೆಸ್ಟರ್ ಹಿಡಿದು ನೋಡದೆ, ಅರ್ಥಿಂಗ್ ಕಟ್ಟದೆ ಯಾವ ತಂತಿಯನ್ನೂ ಮುಟ್ಟಬೇಡ. ನಮ್ಮ ಮನೆಯ ಮುಂದಿನ ಕಂಬವಾದರೂ ಅಷ್ಟೇ. ನಾನೇ ಕೆಳಗೆ ನಿಂತು "ಎಲ್ಲ ಆಫ್ ಮಾಡಿಸಿದೀನಿ, ಹತ್ತು ಮಗಾ" ಎಂದು ಕೂಗಿದರೂ ಸರಿಯೇ. ಹುಟ್ಟಿದಾಗಿನಿಂದ ನನ್ನ ಮಾತು ಮೀರಿದವನಲ್ಲ ನೀನು. ನಾಳೆ ಒಂದು ದಿನ ಅಮ್ಮನನ್ನು ನಂಬಬೇಡ.