ಮಹಡಿ ಮನೆಯ ವಾಸನೆ

ಕ್ಯಾತ್ಸಂದ್ರ, ತುಮಕೂರು
೨೦-೧-೨೦೨೫, ಸೋಮವಾರ

ಸೌಭಾಗ್ಯವತಿ ದಾಕ್ಷಾಯಣಿಗೆ, ಮನೆಯ ಯಜಮಾನ ಅನ್ನಿಸಿಕೊಂಡವನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಮಗಳ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆಂದು ಗುಬ್ಬಿಗೆ ಓಡಿದವಳು ನೀನು. ಅಲ್ಲಿ ಅವಳ ಮನೆಯ ಮೆಟ್ಟಿಲು ಹತ್ತಿ ಇಳಿದು ನಿನ್ನ ಕಾಲಿಗೂ ಒಂದು ಕಟ್ಟು ಹಾಕಿಸಿಕೊಂಡು ಬರಬೇಡ. ಭೂಮಿಕಾಗೆ ನೋವು ಕಡಿಮೆಯಾಯಿತೆ? ಅವಳಿಗೆ ಹಾಲು ಕುಡಿಯಲು ಹೇಳು, ಕುಡಿಯುವುದಿಲ್ಲ ಎಂದು ಗೊತ್ತು, ಆದರೂ ಹೇಳು. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಈ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ತೆಗೆಯುವಷ್ಟರಲ್ಲಿ ನೀನು ಹತ್ತು ಮಾತಾಡಿ ಇಟ್ಟುಬಿಡುತ್ತೀಯ. ಪಕ್ಕದ ಮನೆಯ ಗಂಗರಾಜು ನಾಳೆ ಗುಬ್ಬಿ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದು.

ವಿಷಯ ನಮ್ಮ ಮಹಡಿ ಮನೆಯ ಹುಡುಗಿಯರದು. ಮಣಿಪುರದ ಮೇಮ್ಚಾ ಮತ್ತು ಅವಳ ತಂಗಿ. ಹೆಸರು ಕಂಡ ತಕ್ಷಣ ಮೂಗು ಮುರಿಯಬೇಡ. ಹೊರಡುವ ದಿನ ನೀನು ಮೆಟ್ಟಿಲ ಮೇಲೆ ನಿಂತು ಅವರಿಗೆ ಹೇಳಿದ್ದು ಬೀದಿಗೆಲ್ಲ ಕೇಳಿತ್ತು. ‘ನಾಯಿ ಗೀಯಿ ಬೇಯ್ಸೋರಿಗೆ ಇದು ಮನೆ ಅಲ್ಲ ಕಣ್ರಮ್ಮ, ನಾನು ವಾಪಸ್ ಬರೋ ಹೊತ್ಗೆ ಖಾಲಿ ಮಾಡಿ.’ ಅವರ ಅಡಿಗೆಯಿಂದ ಬರುತ್ತಿದ್ದ ಆ ವಾಸನೆಗೆ ನಾನೂ ಮೂಗಿಗೆ ಟವೆಲ್ ಒತ್ತಿಕೊಂಡವನೇ, ಇಲ್ಲವೆನ್ನುವುದಿಲ್ಲ. ಅವತ್ತಿನಿಂದ ಆ ಮಕ್ಕಳು ಬೇರೆ ಮನೆ ಹುಡುಕುತ್ತಿದ್ದಾರೆ. ಅವರು ಹೋಗಬಾರದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ಮುಂಚೆ ನನಗೆ ಜ್ವರ ಬಂದಿತ್ತು. ಹೇಳಿದ್ದರೆ ನೀನು ಮಗಳನ್ನು ಬಿಟ್ಟು ಇಲ್ಲಿಗೆ ಓಡಿಬರುತ್ತಿದ್ದೆ, ಅದಕ್ಕೆ ಹೇಳಲಿಲ್ಲ. ಬಾಯೆಲ್ಲ ಕಹಿ, ಬ್ರೆಡ್ ತಿಂದರೂ ವಾಂತಿ. ಒಂದು ಬೆಳಿಗ್ಗೆ ಪೂಜೆಗೆ ಏಳಲೂ ಆಗಲಿಲ್ಲ. ನನ್ನ ಗಂಟೆಯ ಸದ್ದು ಕೇಳಲಿಲ್ಲವೆಂದು ಮೇಮ್ಚಾ ಕೆಳಗೆ ಬಂದು ಬಾಗಿಲು ತಟ್ಟಿದಳು. ನರ್ಸಮ್ಮ ಅಲ್ಲವೆ, ಹಣೆ ಮುಟ್ಟಿ ನೋಡಿದಳು, ಆಮೇಲೆ ತಣ್ಣಗಿದ್ದ ಒಲೆಯ ಕಡೆ ನೋಡಿದಳು. ‘ತಾತ, ಏನೂ ತಿಂದಿಲ್ವಾ?’ ಎಂದು ಕೇಳಿ, ಮಾತ್ರೆ ಕೊಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಾಗ ನಾನು ಬೆರಗಾಗಿ ನೋಡಿದೆ. ಆ ಕೊರೆಯುವ ಚಳಿಯಲ್ಲಿ ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು, ಹೊಸ್ತಿಲ ಆಚೆಯೇ ನಿಂತಿದ್ದಳು. ‘ನಮ್ ಪಾತ್ರೆ ನಿಮ್ಗೆ ಆಗಲ್ಲ ಅಂತ ಗೊತ್ತು ತಾತ. ನಿಮ್ ಅಡಿಗೆಮನೇಲೇ ಮಾಡ್ಕೊಡ್ಲಾ? ಸ್ನಾನ ಮಾಡ್ಕಂಡೇ ಬಂದಿದೀನಿ. ನಮ್ಮನೇಲೂ ಸ್ನಾನ ಮಾಡ್ದೆ ಒಲೆ ಮುಟ್ಟಲ್ಲ.’ ಮಡಿ ಎನ್ನುವುದು ನಮ್ಮ ಬೀದಿಗೇ ಮುಗಿಯಿತು ಎಂದುಕೊಂಡಿದ್ದೆವಲ್ಲ ನಾವು. ನೀನಾದರೋ ಎರಡು ಲೋಟ ಕಾಫಿ ಇಳಿಸಿದ ಮೇಲೇ ಬಚ್ಚಲಿಗೆ ಹೋಗುವವಳು.

ಮೆತ್ತಗೆ ಬೇಯಿಸಿದ ಅನ್ನದ ಗಂಜಿ, ಶುಂಠಿ, ಹಿತ್ತಲಿನಿಂದ ಕಿತ್ತುತಂದ ಎಂಥದೋ ಸೊಪ್ಪು. ಒಂದು ತುತ್ತು ಒಳಗೆ ಹೋದದ್ದೇ ನಾಲಿಗೆಗೆ ಜೀವ ಬಂತು. ಪೂರ್ತಿ ಉಂಡು, ನಮ್ಮ ಪದ್ಧತಿಯಂತೆ ತಟ್ಟೆಗೆ ನೀರು ಹಾಕಿ ಬೆರಳಿನಿಂದ ತೊಳೆಯತೊಡಗಿದೆ. ಆ ಹುಡುಗಿಯ ಮುಖ ಬಾಡಿಹೋಯಿತು. ಎಂಜಲು ತಟ್ಟೆಯನ್ನೂ ತಾನು ಮುಟ್ಟಬಾರದೆಂದು ಈ ಮುದುಕ ಕೂತಲ್ಲೇ ತೊಳೆಯುತ್ತಿದ್ದಾನೆ ಎಂದುಕೊಂಡಳಂತೆ. ನಾನು ಆ ನೀರನ್ನು ಎತ್ತಿ ಕುಡಿದಾಗ ಬಾಯಿ ಬಿಟ್ಟುಕೊಂಡು ನಿಂತಳು. ಪ್ರಸಾದದ ಒಂದು ಅಗುಳೂ ಹಾಳಾಗಬಾರದು, ಅದಕ್ಕೆ ಹೀಗೆ ಎಂದು ತಿಳಿಸಿ ಹೇಳಿದೆ. ‘ನಾನು ಮಾಡಿದ್ದೂ ಪ್ರಸಾದನಾ ತಾತ?’ ಎಂದಳು. ಹೂಂ ಎಂದೆ. ಕಣ್ಣೊರೆಸಿಕೊಳ್ಳಲು ಬೇರೇನೂ ಸಿಗದೆ ನಿನ್ನ ಮಸಿಬಟ್ಟೆಯನ್ನೇ ತೆಗೆದುಕೊಂಡಳು, ಮುಖವೆಲ್ಲ ಮಸಿ.

ಜ್ವರ ಬಿಟ್ಟ ಮೇಲೆ ಮಹಡಿಗೆ ನಾನೇ ಹತ್ತಿಹೋದೆ, ಏನು ಬೇಯಿಸುತ್ತೀರಿ ತೋರಿಸಿ ಎಂದು. ಬಾಳೆಎಲೆ ಬಿಚ್ಚಿದರು, ಅದೇ ವಾಸನೆ ಗಪ್ಪೆಂದಿತು. ಒಳಗಿದ್ದದ್ದು ಸೋಯಾ ಕಾಳು. ಬರೀ ಕಾಳು! ಬೇಯಿಸಿ, ಎಲೆಯಲ್ಲಿ ಸುತ್ತಿ, ಬೆಚ್ಚಗಿನ ಜಾಗದಲ್ಲಿ ಇಟ್ಟು, ನಾವು ಇಡ್ಲಿ ಹಿಟ್ಟಿಗೆ ಬರಿಸುವ ಹಾಗೆ ಹುದುಗು ಬರಿಸುತ್ತಾರೆ. ಹವಾಯ್‌ಜಾರ್ ಎನ್ನುತ್ತಾರೆ. ಮೀನು ತಿನ್ನುವ ಆಸೆಯಾದರೆ ಹೋಟೆಲಿನಲ್ಲಿ ತಿಂದು ಬರುತ್ತಾರಂತೆ, ಮನೆಯಲ್ಲಿ ಮೀನು ಮಾಂಸ ಬೇಯಿಸುವುದಿಲ್ಲವೆಂದು ನಿನಗೆ ಕೊಟ್ಟ ಮಾತು ತಪ್ಪಿಲ್ಲ. ಒಣಮೆಣಸಿನಕಾಯಿ ಸುಟ್ಟು ಹಾಕಿ ಗೊಜ್ಜಿನ ಹಾಗೆ ಕಲಸಿಕೊಟ್ಟರು. ಯಡಿಯೂರು ಸಿದ್ಧಲಿಂಗಪ್ಪನನ್ನು ನೆನೆದು ಬಾಯಿಗಿಟ್ಟೆ. ಮೊದಲು ಬೆಂಡೆಕಾಯಿಯ ಹಾಗೆ ಲೋಳೆ, ಆಮೇಲೆ ಖಾರ, ಕೊನೆಗೆ ಒಂದು ರುಚಿ ಬಂತು ನೋಡು, ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಈ ವಯಸ್ಸಿನಲ್ಲಿ ನಾಲಿಗೆಗೆ ಹೊಸದೊಂದು ಸಿಕ್ಕುತ್ತದೆಂದು ಯಾರಿಗೆ ಗೊತ್ತಿತ್ತು? ಅವರೆಕಾಯಿಯ ಸೊಗಡನ್ನು ಕೈ ಮೂಸಿ ಮೂಸಿ ಸುಖಪಡುವ ನಾವು ಇನ್ನೊಬ್ಬರ ಕಾಳಿಗೆ ನಾಯಿಯ ಹೆಸರಿಟ್ಟೆವು.

ಮಾರನೆಯ ದಿನ ನಾನು ಮುದ್ದೆ ತೊಳಸಿ ಇಬ್ಬರನ್ನೂ ಕೆಳಗೆ ಕರೆದೆ. ಮುದ್ದೆಯಲ್ಲಿ ಗಂಟಿತ್ತು, ಅದನ್ನು ಯಾರಿಗೂ ಹೇಳಬೇಡ. ತಂಗಿ ಅಗಿದು ಅಗಿದು ದವಡೆಗೆ ಅಂಟಿಸಿಕೊಂಡಳು. ನುಂಗಬೇಕಮ್ಮ ಎಂದು ತೋರಿಸುವಾಗ ನನಗೆ ನೀನೇ ಕಂಡೆ. ರಾಣೆಬೆನ್ನೂರಿನ ರೊಟ್ಟಿ ತಿಂದು ಬೆಳೆದವಳು, ಹೊಸ ಸೊಸೆಯಾಗಿ ಬಂದು ಮುದ್ದೆ ಅಗಿದಾಗ ನಮ್ಮವ್ವ ಪಂಕ್ತಿಯಲ್ಲಿ ಎಲ್ಲರೆದುರು ನಕ್ಕುಬಿಟ್ಟರು. ನೀನು ಹಿತ್ತಲಿಗೆ ಹೋಗಿ ಅತ್ತಿದ್ದೆ. ಈ ಮಕ್ಕಳು ಎಲ್ಲಿಗೆ ಹೋಗಿ ಅಳಬೇಕು? ಅವರ ಊರಿನ ಗಲಾಟೆಯಲ್ಲಿ ಹಿತ್ತಲಿರಲಿ, ಮನೆಯೇ ಇಲ್ಲವಾಗಿದೆಯಂತೆ. ಊಟ ಮುಗಿಸಿ ಇಬ್ಬರೂ ತಟ್ಟೆ ತೊಳೆದು ನೀರು ಕುಡಿದರು. ಚಿಕ್ಕವಳು ಮುಖ ಹಿಂಡಿದಳು, ಆದರೆ ಕುಡಿದಳು.

ಭೂಮಿಕಾಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ. ಸಿದ್ಧಲಿಂಗೇಶ್ವರ ನಿಮ್ಮನ್ನೆಲ್ಲ ಕಾಪಾಡಲಿ.

ನಿನ್ನ,
ಚನ್ನವೀರಯ್ಯ

ಮಂಗಳವಾರ ಬೆಳಿಗ್ಗೆ, ಇನ್ನೊಂದು ಮಾತು: ಗಂಗರಾಜು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಅವರಿಗೆ ಬೇರೆ ಮನೆ ಸಿಕ್ಕಿದೆ. ಶುಕ್ರವಾರ ಹೊರಡುತ್ತಾರೆ, ಪಾತ್ರೆಗಳನ್ನು ಆಗಲೇ ಚೀಲಕ್ಕೆ ತುಂಬಿದ್ದಾರೆ. ಹೋಗಬೇಡಿ ಎಂದು ನಾನು ಎಷ್ಟು ಹೇಳಿದರೂ ಮೇಮ್ಚಾ ಕೇಳುವುದಿಲ್ಲ. ‘ಹೋಗಿ ಅಂದಿದ್ದು ಅಜ್ಜಿ. ಇರಿ ಅಂತ ಅಜ್ಜಿನೇ ಹೇಳ್ಬೇಕಲ್ವಾ ತಾತ’ ಎನ್ನುತ್ತಾಳೆ. ಅವಳ ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಕ್ಷಮೆ ಗಿಮೆ ಕೇಳಲು ನಿನಗೆ ಬರುವುದಿಲ್ಲ, ಬೇಡವೂ ಬೇಡ. ‘ಊಟ ಆಯ್ತಾ?’ ಎಂದು ಕೇಳು ಸಾಕು. ಅವರ ಊರಿನಲ್ಲೂ ಎದುರು ಸಿಕ್ಕವರನ್ನು ಮೊದಲು ಕೇಳುವುದು ಅದನ್ನೇ ಅಂತೆ. ನಿನ್ನ ದನಿ ಕೇಳಿ ಹುಡುಗಿಗೆ ಮಾತು ಹೊರಡುವುದು ತಡವಾಗಬಹುದು. ಅವಳು ಉತ್ತರ ಹೇಳುವವರೆಗೂ ಫೋನ್ ಇಡಬೇಡ.