ಲೀಟರಿಗೆ ಆರೂಕಾಲು

ಹೈಡೆಲ್‌ಬರ್ಗ್
14 ಜುಲೈ 2002, ರವಿವಾರ

ಸೌಭಾಗ್ಯವತಿ ಅನ್ನಪೂರ್ಣಾಗೆ ದುಂಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುತ್ತೀಯೋ, ಇಲ್ಲ ಡಬ್ಬಿಯನ್ನು ಗೂಡಿನಲ್ಲಿಟ್ಟು ನೋಡುತ್ತ ಕುಳಿತಿದ್ದೀಯೋ? ಮಾಳಿಗೆ ಹತ್ತಬೇಡ ಎಂದು ಹೇಳಿ ಬಂದಿದ್ದೆ. ಹತ್ತಿರುತ್ತೀ, ನನಗೆ ಗೊತ್ತಿದೆ. ವಿಮಾನ ಹತ್ತಲು ಮಾತ್ರ ಕಾಲು ನೋಯುತ್ತದೆ ನಿನಗೆ. ನಾನು ಇಲ್ಲಿ ಆರಾಮ ಇದ್ದೇನೆ. ಒಂಬತ್ತೂವರೆ ಆದರೂ ಹೊತ್ತು ಮುಳುಗುವುದಿಲ್ಲ, ಹೀಗಾಗಿ ಊಟದ ವೇಳೆಯೇ ತಿಳಿಯುವುದಿಲ್ಲ. ನೀನು ಕಟ್ಟಿಕೊಟ್ಟ ಜೋಳದ ಹಿಟ್ಟಿನಲ್ಲಿ ಸಿದ್ದು ರೊಟ್ಟಿ ಬಡಿಯುತ್ತಾನೆ. ನಿನ್ನ ಮಗ ಈ ದೇಶದವರು ಕೊಟ್ಟ ಗ್ರೀನ್ ಕಾರ್ಡ್ ಹಿಡಿದುಕೊಂಡು ಬಂದು ಎರಡು ವರ್ಷದಲ್ಲಿ ಕಂಪ್ಯೂಟರ್ ಎಷ್ಟು ಕಲಿತನೋ ಗೊತ್ತಿಲ್ಲ, ರೊಟ್ಟಿ ಇನ್ನೂ ದುಂಡಗೆ ಬಂದಿಲ್ಲ. ಆದರೂ ತಿನ್ನುವಾಗ ಹೊಟ್ಟೆ ತಣ್ಣಗಾಗುತ್ತದೆ.

ನಿನ್ನ ಪತ್ರ ಬಂತು. ಹುಡುಗಿಯ ಮನೆಯವರು ಸಿದ್ದುವಿನ ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಕೆಂದು ಅವಸರ ಮಾಡುತ್ತಿದ್ದಾರೆ, ಸೋದರಮಾವನ ಹೆಸರು ಹಾಕಿಸಲೋ ಬೇಡವೋ ಎಂದು ಕೇಳಿದ್ದೀ. ಬೇಡ. ಹಾಕಿಸಬೇಡ. ಬಾಳಪ್ಪ ನಿನ್ನ ಒಡಹುಟ್ಟಿದ ತಮ್ಮ, ಸೋದರಮಾವ ಇಲ್ಲದೆ ಅಕ್ಷತೆ ಬಿದ್ದರೆ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ, ಎಲ್ಲ ಬಲ್ಲೆ. ಆದರೆ ತೊಂಬತ್ತನೇ ಇಸವಿಯಲ್ಲಿ ಡಿಪೋದ ಡೀಸೆಲ್ ಲೆಕ್ಕ ನನ್ನ ಕೈಯಲ್ಲಿತ್ತು, ನಿನ್ನ ತವರಿಗೆ ಹೋಗುವ ಬಸ್ಸು ಅವನ ಕೈಯಲ್ಲಿತ್ತು. ಲೀಟರಿಗೆ ಐದು ಕಿಲೋಮೀಟರ್ ಕೊಡಬೇಕಾದ ಗಾಡಿ ಅವನ ಕೈಯಲ್ಲಿ ನಾಲ್ಕು ಕೊಟ್ಟಿತು. ದಿನಕ್ಕೆ ಹತ್ತಿರ ಹತ್ತಿರ ಐದು ಲೀಟರ್ ಎಲ್ಲಿ ಹೋಯಿತು? ಅವನು ಏನೇನೋ ಸಬೂಬು ಹೇಳಿದ. ಹೆಂಡತಿಯ ತಮ್ಮ ಎಂದು ನಾನು ಕಣ್ಣು ಮುಚ್ಚಲಿಲ್ಲ, ವರದಿ ನಾನೇ ಬರೆದೆ. ಎಂಟು ತಿಂಗಳು ಅಮಾನತು ಆಯಿತು, ಆಮೇಲೆ ಬೇರೆ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಹಚ್ಚಿದರು. ಅದು ಅವನ ಕರ್ಮ. ಅಂಕಿ ಸುಳ್ಳು ಹೇಳುವುದಿಲ್ಲ ಅನ್ನಪೂರ್ಣಾ. ಅಂಕಿಗೆ ಬೀಗರಿಲ್ಲ, ಬಳಗವಿಲ್ಲ.

ಈ ಮಾತು ಈಗ ಇಷ್ಟು ಖಡಾಖಂಡಿತವಾಗಿ ಬರೆಯಲು ಇನ್ನೊಂದು ಕಾರಣವಿದೆ. ಇಲ್ಲಿಯೂ ಅಂಥದೇ ಒಂದು ಕಳವು ನಡೆಯುತ್ತಿದೆ, ನಿನ್ನ ಮಗನ ಮೂಗಿನ ಕೆಳಗೆ. ಸಿದ್ದು ಮತ್ತು ಅವನ ಜೊತೆ ಮನೆ ಹಂಚಿಕೊಂಡಿರುವ ಗಿರಿಧರ್ ಎಂಬ ಬೆಂಗಳೂರಿನ ಹುಡುಗ, ಇಬ್ಬರೂ ಕೂಡಿ ಒಂದು ಹಳೆಯ ಅಮೇರಿಕನ್ ಕಾರು ಕೊಂಡಿದ್ದಾರೆ. ಈ ಊರಿನಲ್ಲಿ ಅಮೇರಿಕಾದ ಸೈನಿಕರ ದೊಡ್ಡ ಠಾಣೆ ಇದೆ. ವರ್ಗವಾಗಿ ಸ್ವದೇಶಕ್ಕೆ ಹೊರಟವರು ಕಾರನ್ನು ಬಂದಷ್ಟಕ್ಕೆ ಕೊಟ್ಟು ಹೋಗುತ್ತಾರೆ. ಇದೂ ಹಾಗೆ ಬಂದದ್ದು. ಕ್ಯಾಮಾರೊ ಅಂತೆ ಹೆಸರು. ಎರಡೇ ಬಾಗಿಲು, ಎಂಟು ಸಿಲಿಂಡರ್, ಕುಳಿತರೆ ನೆಲಕ್ಕೇ ಕುಳಿತ ಹಾಗೆ, ಏಳಬೇಕಾದರೆ ಇಬ್ಬರು ಕೈ ಹಿಡಿದು ಎತ್ತಬೇಕು. ಚಾಲೂ ಮಾಡಿದರೆ ನಮ್ಮ ಡಿಪೋದ ಹಳೆಯ ಗಾಡಿಗಳೆಲ್ಲ ಒಟ್ಟಿಗೆ ಕೆಮ್ಮಿದ ಸದ್ದು. ಇಂಥ ಗಾಡಿ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ ಎಂದು ಇಲ್ಲಿಯ ನಮ್ಮ ಹುಡುಗರೆಲ್ಲ ನಗುತ್ತಾರೆ. ಸಿದ್ದು ಮಾತ್ರ ಎದೆಯುಬ್ಬಿಸಿ, ಲೀಟರಿಗೆ ಹತ್ತು ಕೊಡುತ್ತದೆ ಎನ್ನುತ್ತಾನೆ.

ಹತ್ತು! ಮೂವತ್ತೊಂದು ವರ್ಷ ಡೀಸೆಲ್ ಅಳೆದ ನನ್ನ ಮುಂದೆ ಈ ಮಾತು. ತಪಾಸಣೆ ಮಾಡುವವನು ಡ್ರೈವರನಿಗೆ ಹೇಳಿ ಮಾಡಬಾರದು, ಅದು ನಮ್ಮ ಪದ್ಧತಿ. ದಿನಾ ಮುಂಜಾನೆ ಗಾಜು ಒರೆಸುವ ನೆಪದಲ್ಲಿ ಹೋಗಿ ಮೀಟರ್ ನೋಡಿ ಬರೆದುಕೊಂಡೆ. ಸೋಮವಾರಕ್ಕೊಮ್ಮೆ ಟ್ಯಾಂಕ್ ಗಂಟಲತನಕ ತುಂಬಿಸುತ್ತಾರೆ, ಆ ಚೀಟಿ ಕಾರಿನಲ್ಲೇ ಬಿದ್ದಿರುತ್ತದೆ. ವಾರಕ್ಕೆ ಇಪ್ಪತ್ತು ಲೀಟರ್. ಮೀಟರ್ ತಿರುಗಿದ್ದು ನೂರಿಪ್ಪತ್ತೈದು. ಭಾಗಿಸು. ಲೀಟರಿಗೆ ಆರೂಕಾಲು. ಎರಡನೆಯ ವಾರವೂ ಅಷ್ಟೇ.

ಇನ್ನೊಂದು ಸಂಗತಿ ಕೇಳು. ಅವರ ಆಫೀಸು ಇರುವುದು ಸೇಂಟ್ ಲಿಯೋನ್-ರೋಟ್ ಎಂಬ ಊರಿನಲ್ಲಿ, ಇಲ್ಲಿಂದ ಇಪ್ಪತ್ತು ಕಿಲೋಮೀಟರ್. ಹೋಗಿ ಬರಲು ನಲವತ್ತು, ಐದು ದಿನಕ್ಕೆ ಇನ್ನೂರು. ಶನಿವಾರ ರವಿವಾರ ಕಾರು ನಿಂತಲ್ಲೇ ನಿಂತಿರುತ್ತದೆ. ಹಾಗಿದ್ದರೆ ಮೀಟರಿನಲ್ಲಿ ನೂರಿಪ್ಪತ್ತೈದೇ ಯಾಕೆ? ಉಳಿದ ಎಪ್ಪತ್ತೈದು ಎಲ್ಲಿ? ಡಿಪೋದಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ತಿಳಿಯುತ್ತದೆ: ಮೀಟರಿನ ವಾಯರ್ ಕಳಚಿ ಓಡಿಸುತ್ತಿದ್ದಾರೆ. ಯಾರು? ಎರಡನೆಯ ಕೀಲಿ ಇರುವುದು ಗಿರಿಧರ್ ಹತ್ತಿರ. ಸಿದ್ದು ಮೀಟಿಂಗಿನಲ್ಲಿ ಕುಳಿತಾಗ ಇವನು ಮಧ್ಯಾಹ್ನ ಕಾರು ತೆಗೆದುಕೊಂಡು ಎಲ್ಲಿಗೋ ಸವಾರಿ ಹೋಗುತ್ತಾನೆ. ವಾಯರ್ ಮತ್ತೆ ಜೋಡಿಸುವುದು ಮರುದಿನ. ಸಂಜೆ ಮನೆಗೆ ಓಡಿಸಿಕೊಂಡು ಬರುವವನೂ ಅವನೇ, ನಿನ್ನ ಮಗ ಪಕ್ಕದಲ್ಲಿ ತೂಕಡಿಸುತ್ತಿರುತ್ತಾನೆ, ಮುಳ್ಳು ಸತ್ತು ಬಿದ್ದಿದ್ದರೂ ಅವನಿಗೆ ಎಚ್ಚರವಿಲ್ಲ. ವಾರಕ್ಕೆ ನಾಲ್ಕು ಸಂಜೆ ಹಿಡಿ, ನಾಲ್ಕು ಇಪ್ಪತ್ತಲೆ ಎಂಬತ್ತು. ಹೆಚ್ಚೂ ಕಡಿಮೆ ಸರಿಹೋಯಿತು ನೋಡು.

ಹುಡುಗ ಬಹಳ ಮರ್ಯಾದೆಯವನು. ಅಂಕಲ್ ಕಾಫಿ, ಅಂಕಲ್ ಶಾಲು, ಅಂಕಲ್ ನಿಮಗೆ ಚಳಿಯೇ ಎಂದು ಹಿಂದೆ ಮುಂದೆ ಓಡಾಡುತ್ತಾನೆ. ಅತಿ ವಿನಯಂ ಧೂರ್ತ ಲಕ್ಷಣಂ. ಮೊನ್ನೆ ನಾನು ಪೆಟ್ರೋಲ್ ಮುಚ್ಚಳದ ಮೇಲೆ ಸಹಿ ಮಾಡಿದ ಚೀಟಿಯೊಂದನ್ನು ಗೋಧಿಹಿಟ್ಟಿನ ಅಂಟಿನಿಂದ ಅಂಟಿಸಿದ್ದೆ, ನಾವು ಟ್ಯಾಂಕಿಗೆ ಸೀಲು ಹಾಕುತ್ತಿದ್ದಂತೆ. ಮುಂಜಾನೆ ನೋಡಿದರೆ ಚೀಟಿ ಕೆಳಗೆ ಬಿದ್ದಿತ್ತು. ಮಳೆ ಬಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಮಳೆಗೆ ನನ್ನ ಸಹಿಯೇ ಬೇಕಾಗಿತ್ತೇ? ಇವತ್ತು ಊಟಕ್ಕೆ ಕುಳಿತಾಗ ನೇರವಾಗಿ ಕೇಳಿಬಿಡುತ್ತೇನೆ. ಪತ್ರ ನಾಳೆ ಮುಗಿಸುತ್ತೇನೆ.

ಗುರುವಾರ, 18 ಜುಲೈ

ನಾಳೆ ಎಂದು ಬರೆದು ನಾಲ್ಕು ದಿನ ಆಯಿತು. ಅವತ್ತು ಊಟದ ತಾಟಿನ ಪಕ್ಕ ನನ್ನ ನೋಟುಬುಕ್ಕು ಇಟ್ಟು, ವಾಯರ್ ಯಾಕೆ ಕೀಳುತ್ತೀ ಎಂದು ಗಿರಿಧರನನ್ನು ಕೇಳಿದೆ. ಅವನು ಮೊದಲು ನಕ್ಕ, ತಮಾಷೆ ಎಂದುಕೊಂಡ. ನಾನು ಪುಟ ತಿರುಗಿಸಿ ಅಂಕಿ ಓದಿದೆ. ಆಗ ಅವನು ನನ್ನನ್ನು ಬಿಟ್ಟು ಸಿದ್ದುವಿನ ಮುಖ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಸಿಕ್ಕಿಬಿದ್ದ ಎಂದುಕೊಂಡೆ. ಅವನು ಅರ್ಧ ಊಟಕ್ಕೇ ಎದ್ದು ತಾಟು ತೊಳೆದಿಟ್ಟ. ಮರುದಿನ ಮೇಜಿನ ಮೇಲೆ ಕಾರಿನ ಕೀಲಿ ಇತ್ತು, ಅವನ ಚೀಲ ಇರಲಿಲ್ಲ. ವಾಲ್‌ಡಾರ್ಫ್‌ನಲ್ಲಿ ಇನ್ನೊಬ್ಬ ಗೆಳೆಯನ ರೂಮಿಗೆ ಹೋಗಿದ್ದಾನೆ ಎಂದಷ್ಟೇ ಸಿದ್ದು ಹೇಳಿದ. ಎರಡು ದಿನ ರೊಟ್ಟಿ ತಂದು ಹಾಕುತ್ತಿದ್ದ, ಹೋಗುತ್ತಿದ್ದ.

ಮಂಗಳವಾರ ಸಂಜೆ ಬಂದವನೇ 'ಬರ್ರಿ ಅಪ್ಪಾ, ಗಾಡ್ಯಾಗ ಕೂಡ್ರಿ' ಎಂದು ಕರೆದುಕೊಂಡು ಹೋದ. ಇಲ್ಲಿಯ ದೊಡ್ಡ ರಸ್ತೆಗೆ ಆಟೋಬಾನ್ ಎನ್ನುತ್ತಾರೆ. ಅದರ ಬದಿಯಲ್ಲಿ ಅರ್ಧ ಅರ್ಧ ಕಿಲೋಮೀಟರಿಗೆ ನೀಲಿ ಫಲಕ ನೆಟ್ಟಿದ್ದಾರೆ. ಆ ಫಲಕ ನೋಡುತ್ತ ಹೋಗಿರಿ, ನಡುವೆ ನಡುವೆ ಮೀಟರನ್ನೂ ನೋಡಿರಿ ಎಂದ. ನೋಡಿದೆ. ರಸ್ತೆಯ ಮೇಲೆ ಹದಿನಾರು ಕಿಲೋಮೀಟರ್ ಆಗುವ ಹೊತ್ತಿಗೆ ಮೀಟರ್ ಹತ್ತೇ ತಿರುಗಿತು. ವಾಯರ್ ಜೋಡಿಸಿಯೇ ಇತ್ತು, ಮುಳ್ಳು ಆಡುತ್ತಿತ್ತು.

'ಅಪ್ಪಾ, ಇದು ಅಮೇರಿಕಾದ ಗಾಡಿ. ಇದರ ಮೀಟರ್ ಮೈಲಿನಾಗ ತಿರುಗತೈತಿ' ಎಂದ ಸಿದ್ದು.

ಸ್ಪೀಡಿನ ಮುಳ್ಳಿನ ಹತ್ತಿರ ಸಣ್ಣ ಅಕ್ಷರದಲ್ಲಿ ಕಿಲೋಮೀಟರ್ ಎಂದಿರುವುದನ್ನು ನೋಡಿ, ಕೆಳಗೆ ತಿರುಗುವ ಅಂಕಿಯೂ ಅದೇ ಎಂದುಕೊಂಡಿದ್ದೆ. ನೂರಿಪ್ಪತ್ತೈದು ಮೈಲೆಂದರೆ ಇನ್ನೂರು ಕಿಲೋಮೀಟರ್. ಇನ್ನೂರನ್ನು ಇಪ್ಪತ್ತರಿಂದ ಭಾಗಿಸಿದರೆ ಹತ್ತು. ಒಂದು ಹನಿ ಪೆಟ್ರೋಲ್ ಹೋಗಿಲ್ಲ, ಒಂದು ಗಜ ರಸ್ತೆ ಕಳೆದಿಲ್ಲ. ಊರೊಳಗೆ ಸಿಗ್ನಲ್ಲಿಗೊಮ್ಮೆ ನಿಂತು ಹೊರಟರೆ ಇದೇ ಕಾರು ಐದೋ ಆರೋ ಕೊಡುತ್ತದಂತೆ. ಅದನ್ನು ಕಂಡವರೇ ಹೊಟ್ಟೆಬಾಕ ಎಂದು ಹೆಸರಿಟ್ಟಿದ್ದಾರೆ. ಆದರೆ ದೊಡ್ಡ ರಸ್ತೆಗೆ ಬಿದ್ದು ಆರನೆಯ ಗೇರಿನಲ್ಲಿ ನೂರು, ನೂರಾಹತ್ತರಲ್ಲಿ ಹೋಗುತ್ತಿದ್ದರೆ ಆ ಎಂಟು ಸಿಲಿಂಡರಿನ ಇಂಜಿನ್ ನಿದ್ದೆ ಮಾಡುತ್ತಿರುವಂತೆ ಗುನುಗುತ್ತದೆ. ನಾನೇ ಕಿವಿಯಾರೆ ಕೇಳಿದೆ. ಗಾಡಿಯನ್ನು ಅದರ ರಸ್ತೆಯಲ್ಲಿ ನೋಡಿ ಅಳೆಯಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿನ್ನೆ ಸಿದ್ದುವಿನ ಜೊತೆ ವಾಲ್‌ಡಾರ್ಫ್‌ಗೆ ಹೋಗಿ ಗಿರಿಧರನ ಮುಂದೆ ನಿಂತೆ. ತಪ್ಪಾಯಿತಪ್ಪಾ ಎಂದೆ. ಅರವತ್ತು ದಾಟಿದ ಮೇಲೆ ಈ ಮಾತು ಎಷ್ಟು ಭಾರ ಎಂದು ನಿನ್ನೆ ತಿಳಿಯಿತು. ಅವನು ಕುರ್ಚಿ ಎಳೆದು ಕೂರಿಸಿದ, ಕಾಫಿ ಕೊಟ್ಟ. ಕಡೆಗೆ ನಾನು ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದ: 'ಬಿಡಿ ಅಂಕಲ್, ಆಗೋಯ್ತು. ಆದ್ರೆ ಬರ್ಕೊಳೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬಹುದಿತ್ತು.' ಶನಿವಾರ ಬರುತ್ತೇನೆ ಎಂದಿದ್ದಾನೆ. ಬರುತ್ತಾನೋ, ನನ್ನ ಸಮಾಧಾನಕ್ಕೆ ಹೇಳಿದನೋ, ದೇವರೇ ಬಲ್ಲ.

ಇದನ್ನೆಲ್ಲ ಓದಿ ನೀನು ಏನು ಯೋಚಿಸುತ್ತೀ ಎಂಬುದು ನನಗೆ ಇಲ್ಲಿಂದಲೇ ಕಾಣುತ್ತದೆ. ತಮ್ಮನ ಮಾತನ್ನು ಇದಕ್ಕೆ ಗಂಟು ಹಾಕಬೇಡ. ಅದು ಬೇರೆ, ಇದು ಬೇರೆ. ಅಲ್ಲಿ ಮೈಲು ಗೀಲು ಏನೂ ಇರಲಿಲ್ಲ, ಡಿಪೋದ ಪುಸ್ತಕದ ಲೆಕ್ಕ. ಪತ್ರಿಕೆಯ ಮಾತು ನಾನು ಬಂದ ಮೇಲೆ ಆಡೋಣ, ಅಲ್ಲಿಯವರೆಗೆ ಹುಡುಗಿಯ ಮನೆಯವರಿಗೆ ತಡೆಯಲು ಹೇಳು. ಸಿದ್ದು ನಿನಗೆ ನಮಸ್ಕಾರ ತಿಳಿಸಿದ್ದಾನೆ. ಬಾಜೂ ಮನೆಯ ಚಿಕ್ಕತಾಯಮ್ಮನಿಗೆ ನನ್ನ ಶರಣು ಹೇಳು. ಕಾಲಿನ ಕಡೆ ಲಕ್ಷ್ಯವಿರಲಿ, ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ದುಂಡಪ್ಪ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಸಿದ್ದು ಟಪಾಲಿಗೆ ಹಾಕಲು ಬೂಟು ಹಾಕಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬಾಳಪ್ಪನ ಬಸ್ಸಿನ ಮೀಟರ್ ಕೆಟ್ಟಿತ್ತು. ಶೆಡ್ಯೂಲಿನಲ್ಲಿ ದಿನಕ್ಕೆ ತೊಂಬತ್ತಾರು ಕಿಲೋಮೀಟರ್ ಎಂದಿತ್ತು, ನಾನು ಅದನ್ನೇ ಹಿಡಿದು ಇಪ್ಪತ್ನಾಲ್ಕು ಲೀಟರಿನಿಂದ ಭಾಗಿಸಿದೆ, ನಾಲ್ಕು ಬಂತು. ಹಳ್ಳದ ಸೇತುವೆ ಕುಸಿದಿದೆ, ಕಾಲುವೆ ದಂಡೆ ಹಿಡಿದು ಸುತ್ತಿ ಹೋಗುತ್ತೇನೆ, ಸಲಕ್ಕೆ ಆರು ಕಿಲೋಮೀಟರ್ ಹೆಚ್ಚು ಎಂದು ಅವನು ಮೂರು ಸಲ ಬರೆದು ಕೊಟ್ಟ. ಶೆಡ್ಯೂಲಿನಲ್ಲಿ ಇಲ್ಲ ಎಂದು ಮೂರು ಸಲವೂ ನಾನು ಷರಾ ಬರೆದೆ. ಈಗ ಕೂಡಿಸಿದೆ ಅನ್ನಪೂರ್ಣಾ. ದಿನಕ್ಕೆ ನಾಲ್ಕು ಸಲ, ಇಪ್ಪತ್ನಾಲ್ಕು ಹೆಚ್ಚು. ಒಟ್ಟು ನೂರಿಪ್ಪತ್ತು. ಇಪ್ಪತ್ನಾಲ್ಕರಿಂದ ಭಾಗಿಸಿದರೆ ಐದು. ಸರಿಯಾಗಿ ಐದು. ಒಂದು ದಿನವೂ ನಾನು ಆ ಬಸ್ಸು ಹತ್ತಲಿಲ್ಲ. ನೀನು ಹತ್ತಿದ್ದೆ. ಪಂಚಮಿಗೆ ತವರಿಗೆ ಹೋಗಿ ಬಂದು ನನಗೆ ಊಟಕ್ಕೆ ಬಡಿಸುತ್ತ 'ಬಸ್ಸು ಕಾಲುವಿ ಮ್ಯಾಲೆ ಸುತ್ತ ಹಾಕ್ಕೊಂಡು ಹೋಗತೈತ್ರಿ, ಅರ್ಧ ತಾಸು ತಡಾ ಆಗತೈತಿ' ಎಂದೆ ನೀನು. 'ಡಿಪೋದ ಲೆಕ್ಕ ನಿನಗೇನ ತಿಳೀತೈತಿ' ಎಂದೆ ನಾನು. ಆಮೇಲೆ ಹನ್ನೆರಡು ವರ್ಷ ನೀನು ಆ ಮಾತು ಎತ್ತಲಿಲ್ಲ. ಅವನ ಹೆಸರು ಹಾಕಿಸು. ಪತ್ರಿಕೆಯನ್ನು ಟಪಾಲಿಗೆ ಹಾಕಬೇಡ, ನಾನು ಬಂದು ಅವನ ಮನೆಗೆ ಒಯ್ದು ಕೊಡುತ್ತೇನೆ. ನೀನು ನನ್ನ ಜೊತೆ ಬರಬೇಡ. ನಿನ್ನ ಮುಖ ನೋಡಿದರೆ, ನಾನು ತಪ್ಪಾಯಿತು ಎನ್ನುವ ಮೊದಲೇ ಅವನು ಬಾಗಿಲು ತೆರೆದುಬಿಡುತ್ತಾನೆ.