ನನ್ನ ಹೊಸ್ತಿಲ ಮೇಲಿನ ಕೆಂಪು ಗೆರೆ

ನೆಲದಡಿಯ ಸಮೀಕ್ಷೆ ನಡೆಸುವ ಕಚೇರಿಯ ಮುಖ್ಯಸ್ಥರಿಗೆ, ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ,

ಮಾನ್ಯರೇ, ಅಥವಾ ಮಾನ್ಯರ ಬದಲಿಗೆ ಇದನ್ನು ಓದುತ್ತಿರುವ ಪುಣ್ಯಾತ್ಮರೇ, ಮೊದಲು ಆ ಚಹಾದ ಲೋಟವನ್ನು ಪತ್ರಿಕೆಯ ಮೇಲಿಂದ ಎತ್ತಿ. 'ಯಾರೋ ಕೆಲಸವಿಲ್ಲದ ಮುದುಕಿ' ಎಂದು ಪುಟ ತಿರುವಬೇಡಿ. ಕೆಲಸವಿಲ್ಲದವಳಾಗಿದ್ದರೆ ನಿಮ್ಮ ಕಚೇರಿಯಲ್ಲೇ ಒಂದು ಕುರ್ಚಿ ಕೇಳುತ್ತಿದ್ದೆ. ನನ್ನ ಪ್ರಶ್ನೆ ಇಷ್ಟೇ: ನನ್ನ ಮನೆಯ ಕೆಳಗೆ ಭೂಮಿ ಬಿರುಕು ಬಿಟ್ಟಿದೆಯೋ, ಇಲ್ಲವೋ? ಅನುಮಾನ ಹುಟ್ಟಿಸಿದವರು ನೀವು, ಉತ್ತರ ಹೇಳದೆ ಕೂತವರೂ ನೀವೇ.

ಬೇಸಿಗೆಯಲ್ಲಿ ನಿಮ್ಮ ತಂಡ ನಮ್ಮ ಬೀದಿಗೆ ಬಂತು. ಮನೆ, ಹಿತ್ತಿಲು ಎಲ್ಲವನ್ನೂ ಸೇರಿಸಿ ಸುತ್ತಲೂ ತಂತಿ ಎಳೆದರು. ಯಂತ್ರದ ಅಳತೆಗೆ ಅಡ್ಡಿಯಂತೆ, ಕರೆಂಟು ತೆಗೆಸಿದರು, ನನ್ನ ಕಬ್ಬಿಣದ ಮಂಚವನ್ನು ದೂರ ಸಾಗಿಸಿದರು, ಕೋಳಿಗೂಡಿನ ಜಾಲರಿ ಬಿಚ್ಚಿಸಿದರು. ಕೋಳಿಗಳು ಪಕ್ಕದ ಮನೆಯ ದರ್ಜಿಯ ಹೊಸ ಬಟ್ಟೆಗಳ ಮೇಲೆ ನಡೆಸಿದ ಸಮೀಕ್ಷೆಯ ವರದಿ ಅಂದೇ ಬಂತು. ನಿಮ್ಮದು ಇನ್ನೂ ಬಂದಿಲ್ಲ.

ಯಂತ್ರದ ಮುಂದೆ ಕೂತ ಹುಡುಗಿಯನ್ನು ಕೇಳಿದೆ: "ಏನಮ್ಮಾ ಮಾಡ್ತಿದ್ದೀಯ?"

"ತಂತೀಲಿ ಕರೆಂಟು ಬಿಟ್ಟು ತಟ್ಟನೆ ನಿಲ್ಲಿಸ್ತೀವಿ ಅಜ್ಜಿ. ಆಮೇಲೆ ನೆಲ ಎಷ್ಟು ಹೊತ್ತು ಗುನುಗುತ್ತೆ ಅಂತ ಯಂತ್ರ ಕೇಳಿಸ್ಕೊಳ್ಳುತ್ತೆ. ಜೇಡಿಮಣ್ಣು ಬಹಳ ಹೊತ್ತು ಗುನುಗುತ್ತೆ, ಗಟ್ಟಿ ಬಂಡೆ ಕೂಡಲೇ ಸುಮ್ಮನಾಗುತ್ತೆ. ಮಣ್ಣು ಎಷ್ಟು ದಪ್ಪ, ಬಿರುಕು ಎಲ್ಲಿ, ಅದರಿಂದ ತಿಳಿಯುತ್ತೆ."

"ಅಯ್ಯೋ, ನಮ್ಮೆಜಮಾನ್ರನ್ನ ನಾನೂ ಹೀಗೇ ಅಳೀತಿದ್ದೆ ಕಣೇ! ಬೈದು ತಟ್ಟನೆ ಬಾಯಿ ಮುಚ್ಚೋದು. ಎಷ್ಟು ಹೊತ್ತು ಗೊಣಗ್ತಾರೋ, ಬೈಗುಳ ಅಷ್ಟು ಆಳಕ್ಕೆ ಇಳಿದಿದೆ ಅಂತ ಲೆಕ್ಕ."

ಹುಡುಗಿ ನಕ್ಕ ರಭಸಕ್ಕೆ ಯಾವುದೋ ಗುಂಡಿ ಒತ್ತಿಬಿಟ್ಟಳು, ಅಳತೆ ಮತ್ತೆ ಮೊದಲಿಂದ ಶುರುವಾಯಿತು. ಹೋಗುವಾಗ ಹೊಸ್ತಿಲಿಂದ ಹಿಂದಿನ ಕೋಣೆಯವರೆಗೆ ಕೆಂಪು ಬಣ್ಣದ ಗೆರೆ ಎಳೆದು, "ಇಲ್ಲಿ ಬಿರುಕು ಇರಬಹುದು ಅಜ್ಜಿ, ಇಲ್ಲದೇನೂ ಇರಬಹುದು. ಕಚೇರಿಯಿಂದ ಹೇಳ್ತಾರೆ" ಅಂದಳು.

ಇರಬಹುದಂತೆ! ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದವಳು ನಾನು. ಈಗ ಅವಳಿಗೆ ದಿನ ತುಂಬುತ್ತಿದೆ. ಬಾಣಂತನಕ್ಕೆಂದು ಆ ಹಿಂದಿನ ಕೋಣೆಗೇ ಸುಣ್ಣ ಹೊಡೆಸಿದ್ದೆ. ಅವಳ ಗಂಡ ಲಾರಿ ಓಡಿಸುವವನು. ರಸ್ತೆಯಲ್ಲಿ ಯಾರಿಗೂ ದಾರಿ ಬಿಡದ ಭೂಪ ನನ್ನ ಹೊಸ್ತಿಲ ಗೆರೆ ಕಂಡು ಹಿಂದೆ ಸರಿದ.

"ನೆಲ ಬಾಯಿ ಬಿಟ್ಟಿರೋ ಕಡೆ ಹೆಂಡ್ತಿ ಮಗೂನ ಹೇಗೆ ಬಿಡ್ಲಿ ಅಜ್ಜಿ?"

"ಮೊದಲು ನೀನು ನಿನ್ನ ಬಾಯಿ ಮುಚ್ಚು" ಎಂದು ಗದರಿದೆ. ಆದರೆ ಅವನ ಮಾತಲ್ಲಿ ತಪ್ಪೇನಿದೆ? ಅವನು ವಾರಗಟ್ಟಲೆ ಊರೂರು ತಿರುಗುತ್ತಾನೆ. ಅವಳು ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಆ ಮೆಟ್ಟಿಲು ಹತ್ತಲು ನನ್ನ ಮೊಣಕಾಲು ಒಪ್ಪುವುದಿಲ್ಲ. ನೋವು ಕಾಣಿಸಿಕೊಂಡರೆ ಅವಳು ಯಾರನ್ನು ಕೂಗಬೇಕು, ನಿಮ್ಮ 'ಇರಬಹುದು'ವನ್ನೇ?

ಬಿರುಕು ನೀವು ಮಾಡಿದ್ದಲ್ಲ, ಬಲ್ಲೆ. ಭೂಮಿ ಅಲುಗಾಡಿಸುವ ಶಕ್ತಿ ನಿಮಗಿದ್ದಿದ್ದರೆ ಮೇಜಿನ ಮೇಲಿನ ಒಂದು ಕಡತವಾದರೂ ಅಲುಗಾಡುತ್ತಿತ್ತು. ಇದ್ದರೆ ಇದೆ ಎನ್ನಿ. ಮುಂದಿನ ಕೋಣೆಯ ನೆಲ ಗಟ್ಟಿಯಿದ್ದರೆ ತೊಟ್ಟಿಲು ಅಲ್ಲಿ ಕಟ್ಟುತ್ತೇನೆ, ಅದೂ ಆಗದಿದ್ದರೆ ಬೇರೆ ಬೀದಿಯಲ್ಲಿ ಮನೆ ಹುಡುಕುತ್ತೇನೆ. ನಿಜಕ್ಕೆ ಹೆದರುವವಳಲ್ಲ ನಾನು.

ನಿಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಮುಂದೆ ನಿಂತು ಕೂಗಿ, ತಟ್ಟನೆ ಬಾಯಿ ಮುಚ್ಚಿ, ಕಿವಿಗೊಟ್ಟೆ. ಒಂದು ಗುನುಗೂ ಇಲ್ಲ. ನಿಮ್ಮದೇ ಶಾಸ್ತ್ರದ ಪ್ರಕಾರ ನಿಮ್ಮ ಕಚೇರಿ ಅಪ್ಪಟ ಬಂಡೆ. ಒಳ್ಳೆಯದೇ ಆಯಿತು! ಅಷ್ಟು ಗಟ್ಟಿ ನೆಲ ಬಾಣಂತಿಗೆ ಬೇರೆಲ್ಲಿ ಸಿಕ್ಕೀತು? ನಿಮ್ಮಿಂದ ಸುದ್ದಿಯಿಲ್ಲದಿದ್ದರೆ ಮೊಮ್ಮಗಳ ಜೊತೆ ಆ ಕಬ್ಬಿಣದ ಮಂಚವನ್ನೂ ಹೊರಿಸಿಕೊಂಡು ಬಂದು ನಿಮ್ಮ ಕೋಣೆಯಲ್ಲೇ ಬಿಡಾರ ಹೂಡುತ್ತೇನೆ. ಮೇಜು ಗೋಡೆಗೆ ಸರಿಸಿಟ್ಟಿರಿ.

ಹಳ್ಳಿ ಶಾಲೆಯ ಅರೆಬರೆ ಓದು ನನ್ನದು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಉತ್ತರ ತಪ್ಪಿಸಬೇಡಿ. ಕೂಸು ನಿಮ್ಮ ವರದಿಗಾಗಿ ಕಾಯುವುದಿಲ್ಲ. ಮುಂದಿನ ತಿಂಗಳು ಅದು ಹುಟ್ಟುವ ಮೊದಲು ಬರೆಯಿರಿ.

ಇಂತಿ,
ನಿಮ್ಮ ಬಣ್ಣವನ್ನು ಉಜ್ಜಿ ಉಜ್ಜಿ ಸೋತ,
ಗೆರೆಮನೆಯ ಅಜ್ಜಿ